ಎರಡು ಗುರಿಗಳ ಸಂಸದ: ವಿಲಿಯಂ ವಿಲ್ಬರ್‌ಫೋರ್ಸ್

ಸಾರ್ವಜನಿಕ ಜೀವನದಲ್ಲಿರುವ ಕ್ರೈಸ್ತರನ್ನು ಅಳೆಯಲು ನಮ್ಮ ಕಾಲ ಎರಡು ಬೇರೆ ಬೇರೆ ಅಳತೆಗೋಲುಗಳನ್ನು ಇಟ್ಟುಕೊಂಡಿದೆ. ಕುಡಿತ, ಜೂಜು, ದಾಂಪತ್ಯನಿಷ್ಠೆ, ಭಾನುವಾರದ ಆಚರಣೆ ಇವುಗಳ ಬಗೆಗೆ ಮಾತನಾಡುವವನು ಸಂಪ್ರದಾಯವಾದಿ. ಕೂಲಿ, ಭೂಮಿ, ಜಾತಿ, ಶೋಷಣೆಗಳ ಬಗೆಗೆ ಮಾತನಾಡುವವನು ಪ್ರಗತಿಪರ. ಒಬ್ಬನೇ ವ್ಯಕ್ತಿ ಎರಡನ್ನೂ ಮಾತನಾಡಿದರೆ ಅವನನ್ನು ಎಲ್ಲಿ ಕೂರಿಸಬೇಕೆಂದು ನಮಗೆ ತಿಳಿಯುವುದಿಲ್ಲ. ಹೀಗೆ ಯಾವ ಕುರ್ಚಿಗೂ ಹೊಂದದ ಒಬ್ಬ ಸಂಸತ್ ಸದಸ್ಯ ಇಂಗ್ಲೆಂಡಿನ ವಿಲಿಯಂ ವಿಲ್ಬರ್‌ಫೋರ್ಸ್. 45 ವರ್ಷಗಳ ಕಾಲ ಹೌಸ್ ಆಫ್ ಕಾಮನ್ಸಿನಲ್ಲಿ ಕುಳಿತ ಈ ಸಣ್ಣ ಆಳಿನ ಮನುಷ್ಯ ಬ್ರಿಟನ್ನಿನ ಗುಲಾಮರ ವ್ಯಾಪಾರವನ್ನು ಕಾನೂನಿನ ಮೂಲಕ ನಿಲ್ಲಿಸಿದ ಹೋರಾಟದ ಮುಂದಾಳು. ಕೂಲಿಕಾರರು ಸಂಘ ಕಟ್ಟಿಕೊಳ್ಳಬಾರದೆಂಬ ಕಾನೂನು ಬೇಕೆಂದು ಸೂಚಿಸಿದವನೂ ಇವನೇ. ಗುರುಮಠದ ಧರ್ಮಸಭಾ ಚರಿತ್ರೆಯ ಪಾಠಗಳಲ್ಲಿ ಇವನ ಹೆಸರು ಕೇಳಿಬರುವುದು ಅಪರೂಪ. ಆತ ನಮ್ಮ ಧರ್ಮಸಭೆಯವನಲ್ಲ ಎಂಬುದು ಅದಕ್ಕೆ ಕಾರಣವಿರಬಹುದು. ಆದರೂ ಆತನ ಬದುಕು ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಪಂಗಡಭೇದವಿಲ್ಲ.

ವಿಲ್ಬರ್‌ಫೋರ್ಸ್ ಹುಟ್ಟಿದ್ದು 1759ರ ಆಗಸ್ಟ್ 24ರಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಎಂಬ ಬಂದರು ಪಟ್ಟಣದಲ್ಲಿ. ಮನೆತನದವರು ಬಾಲ್ಟಿಕ್ ಸಮುದ್ರದ ದೇಶಗಳೊಡನೆ ವ್ಯಾಪಾರ ನಡೆಸುತ್ತಿದ್ದ ಸಿರಿವಂತರು. ಲಿವರ್‌ಪೂಲ್, ಬ್ರಿಸ್ಟಲ್‌ಗಳಂತೆ ಹಲ್ ಗುಲಾಮರ ವ್ಯಾಪಾರದಿಂದ ಬೆಳೆದ ಬಂದರಲ್ಲ. ಈ ಸಂಗತಿ ಮುಂದೆ ಅವನಿಗೆ ಒದಗಿ ಬಂತು: ತನ್ನ ಮತದಾರರ ಅನ್ನಕ್ಕೆ ಕಲ್ಲು ಹಾಕದೆಯೇ ಆ ವ್ಯಾಪಾರವನ್ನು ಎದುರಿಸುವುದು ಅವನಿಗೆ ಸಾಧ್ಯವಾಯಿತು. ಒಂಬತ್ತು ತುಂಬುವ ಮೊದಲೇ ತಂದೆ ತೀರಿಕೊಂಡರು. ಹುಡುಗನನ್ನು ವಿಂಬಲ್ಡನ್ನಿನ ಚಿಕ್ಕಪ್ಪ ಚಿಕ್ಕಮ್ಮನ ಬಳಿ ಬಿಡಲಾಯಿತು. ಅವರದು ಮೆಥೊಡಿಸ್ಟರ ಭಕ್ತಿಗೆ ಒಲಿದ ಮನೆ. ಮಗನಿಗೆ ಭಕ್ತಿಯ ಹುಚ್ಚು ಹಿಡಿಯುತ್ತಿದೆ ಎಂದು ಹೆದರಿದ ತಾಯಿ ಅವನನ್ನು ಹಿಂದಕ್ಕೆ ಕರೆತಂದು, ನಾಟಕ, ನೃತ್ಯ, ಔತಣಗಳ ನಡುವೆ ಬೆಳೆಸಿದಳು. ಆ ಔಷಧ ಕೆಲವು ಕಾಲ ಕೆಲಸ ಮಾಡಿತು.

ಕೇಂಬ್ರಿಜ್‌ನಲ್ಲಿ ಓದಿಗಿಂತ ಇಸ್ಪೀಟಿಗೇ ಹೆಚ್ಚು ಸಮಯ ಕೊಟ್ಟ ಈ ತರುಣ 1780ರಲ್ಲಿ, 21 ತುಂಬಿದ ಕೆಲವೇ ದಿನಗಳಲ್ಲಿ, ಹಲ್‌ನಿಂದ ಸಂಸತ್ತಿಗೆ ಆರಿಸಿಬಂದನು. ಹೇಗೆ ಆರಿಸಿಬಂದನೆಂಬುದನ್ನು ಇಂದಿನ ಓದುಗರಿಗೆ ವಿವರಿಸಬೇಕಾಗಿಯೇ ಇಲ್ಲ. ಹುಟ್ಟುಹಬ್ಬಕ್ಕೆ ಇಡೀ ಎತ್ತನ್ನು ಸುಟ್ಟು ಊರಿಗೆಲ್ಲ ಔತಣ ಕೊಡಲಾಯಿತು. ವಾಡಿಕೆಯಂತೆ ಮತವೊಂದಕ್ಕೆ ಎರಡು ಗಿನಿ ಹಂಚಲಾಯಿತು. ಒಟ್ಟು ಖರ್ಚು 8,000 ಪೌಂಡುಗಳನ್ನು ಮೀರಿತು. ಅವನಿಗೆ ಬಿದ್ದ ಮತ 1,126. ಉಳಿದ ಇಬ್ಬರಿಗೂ ಸೇರಿ ಬಂದದ್ದು ಅಷ್ಟೇ. ಲಂಡನ್ನಿನಲ್ಲಿ ಅವನು ಐದು ಕ್ಲಬ್ಬುಗಳ ಸದಸ್ಯ. ಇಂಪಾದ ಕಂಠದ ಹಾಡುಗಾರ. ಅಣಕು ಮಾಡುವುದರಲ್ಲಿ ನಿಸ್ಸೀಮ. ಕೇಂಬ್ರಿಜ್‌ನ ಪರಿಚಿತ ಕಿರಿಯ ವಿಲಿಯಂ ಪಿಟ್ ಈಗ ಆಪ್ತ ಗೆಳೆಯನಾದನು. ಆ ಪಿಟ್ 1783ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, ಪ್ರಧಾನಮಂತ್ರಿಯಾದ. ಮರು ವರ್ಷ ವಿಲ್ಬರ್‌ಫೋರ್ಸ್ ಯಾರ್ಕ್‌ಷೈರ್ ಎಂಬ ದೊಡ್ಡ ಕ್ಷೇತ್ರದ ಸದಸ್ಯನಾದ. ಮಂತ್ರಿಪದವಿ ಅವನ ಕೈಗೆ ಎಟುಕುವಷ್ಟು ದೂರದಲ್ಲಿತ್ತು.

ಆಗ ಅವನ ಒಳಬಾಳಿನಲ್ಲಿ ತಿರುವೊಂದು ಬಂತು. 1784-85ರಲ್ಲಿ ಐಸಾಕ್ ಮಿಲ್ನರ್ ಎಂಬ ವಿದ್ವಾಂಸನೊಡನೆ ಯೂರೋಪಿನಲ್ಲಿ ಸಂಚರಿಸುವಾಗ ಗಾಡಿಯಲ್ಲಿ ಕುಳಿತು ಫಿಲಿಪ್ ಡಾಡ್‌ರಿಜ್‌ನ ಭಕ್ತಿಗ್ರಂಥವನ್ನೂ ಗ್ರೀಕ್ ಹೊಸ ಒಡಂಬಡಿಕೆಯನ್ನೂ ಓದಿದರು. ಬಾಲ್ಯದಲ್ಲಿ ಬಿತ್ತಿದ್ದು ಮೊಳೆಯಿತು. ಸಂಸತ್ತು, ಔತಣ, ಕೀರ್ತಿ ಎಲ್ಲವೂ ಸಪ್ಪೆಯೆನಿಸಿ, ರಾಜಕೀಯವನ್ನೇ ಬಿಟ್ಟು ಧಾರ್ಮಿಕ ಏಕಾಂತಕ್ಕೆ ಸರಿಯಬೇಕೆಂಬ ತುಡಿತ ಹುಟ್ಟಿತು. 1785ರ ಡಿಸೆಂಬರ್ 7ರಂದು ಲಂಡನ್ನಿನ ಜಾನ್ ನ್ಯೂಟನ್ ಎಂಬ ವೃದ್ಧ ಉಪದೇಶಕನ ಬಾಗಿಲಿಗೆ ಹೋದನು. ಒಳಗೆ ಹೋಗಲು ಧೈರ್ಯ ಸಾಲದೆ ಬೀದಿಯ ಚೌಕವನ್ನು ಸುತ್ತುಹಾಕಿ, ಬಳಿಕ ಕದ ತಟ್ಟಿದನು. ಈ ನ್ಯೂಟನ್ ಒಂದು ಕಾಲದಲ್ಲಿ ಗುಲಾಮರ ಹಡಗಿನ ಕಪ್ತಾನ. 'ಅಮೇಜಿಂಗ್ ಗ್ರೇಸ್' ಎಂಬ ಪ್ರಸಿದ್ಧ ಕೀರ್ತನೆಯ ಕರ್ತೃ. 1748ರ ಬಿರುಗಾಳಿಯಲ್ಲಿ ದೇವರ ಕಡೆಗೆ ತಿರುಗಿದ ಮೇಲೂ ಕೆಲವು ವರ್ಷ ಅವನು ಆಫ್ರಿಕನ್ನರನ್ನು ಸಂಕೋಲೆಯಲ್ಲಿ ಸಾಗಿಸುತ್ತಲೇ ಇದ್ದನೆಂಬುದನ್ನು ನಾವು ಮರೆಯಬಾರದು. ಮನಪರಿವರ್ತನೆ ಒಂದೇ ರಾತ್ರಿಯಲ್ಲಿ ಆಗುತ್ತದೆ ಎನ್ನುವವರು ಈ ವಿವರವನ್ನು ಗಮನಿಸಲಿ. ನ್ಯೂಟನ್ ಕೊಟ್ಟ ಸಲಹೆ ಸರಳವಾದದ್ದು: ಇರುವಲ್ಲಿಯೇ ಇರು, ದೇವರು ನಿನ್ನನ್ನು ಅಲ್ಲಿಯೇ ಉಪಯೋಗಿಸಬಹುದು. ಇದೇ ಮಾತನ್ನು ಪಿಟ್ ಕೂಡ ತನ್ನದೇ ಲೌಕಿಕ ರೀತಿಯಲ್ಲಿ ಹೇಳಿದನು. ಗುರುಪದವಿಗೆ ಕರೆ ಬಂದಿದೆಯೆಂದು ಹೇಳಿಕೊಂಡು ಬರುವ ತರುಣರನ್ನು ಕಂಡಿರುವ ನನಗೆ ನ್ಯೂಟನ್ನನ ವಿವೇಕ ಬಹಳ ದೊಡ್ಡದೆನಿಸುತ್ತದೆ. ಮಠಕ್ಕೆ ಹೋಗುವವನನ್ನು ತಡೆದು ಸಂಸತ್ತಿಗೆ ಕಳುಹಿಸುವುದಕ್ಕೂ ದೈವಾನುಗ್ರಹ ಬೇಕು.

1787ರ ಅಕ್ಟೋಬರ್ 28ರಂದು ಅವನು ತನ್ನ ದಿನಚರಿಯಲ್ಲಿ ದೇವರು ತನ್ನ ಮುಂದೆ ಎರಡು ಮಹಾಗುರಿಗಳನ್ನು ಇಟ್ಟಿದ್ದಾನೆ ಎಂದು ಬರೆದುಕೊಂಡನು. ಒಂದು, ಗುಲಾಮರ ವ್ಯಾಪಾರವನ್ನು ಅಳಿಸುವುದು. ಇನ್ನೊಂದು, ಜನರ ನಡತೆಯನ್ನು ತಿದ್ದುವುದು. ಇಂದಿನ ಬರಹಗಾರರು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ನಗುತ್ತಾ ದಾಟಿಬಿಡುತ್ತಾರೆ. ಅವನಿಗೆ ಅವು ಒಂದೇ ಬೇರಿನ ಎರಡು ಕೊಂಬೆಗಳು. ದೇವರಿಗೆ ಲೆಕ್ಕ ಒಪ್ಪಿಸಬೇಕಾದ ಜನಾಂಗವು ತನ್ನ ಮನೆಯೊಳಗೆ ಜಿನ್ ಕುಡಿದು ಹಾಳಾಗುವುದೂ, ಹೊರಗೆ ಮನುಷ್ಯರನ್ನು ಮಾರಿ ಹಣ ಮಾಡುವುದೂ ಒಂದೇ ರೋಗದ ಎರಡು ಲಕ್ಷಣಗಳೆಂದು ಅವನು ತಿಳಿದಿದ್ದನು.

ಮೊದಲು ಆ ಎರಡನೆಯ ಗುರಿಯ ಮಾತನ್ನೇ ಮುಗಿಸುತ್ತೇನೆ. ಅದೇ ವರ್ಷ ಅವನ ಒತ್ತಾಯದಿಂದ ಮೂರನೆಯ ಜಾರ್ಜ್ ದೊರೆ ಅನೀತಿ ಮತ್ತು ದೈವನಿಂದೆಯ ವಿರುದ್ಧ ಘೋಷಣೆ ಹೊರಡಿಸಿದನು. ಅದನ್ನು ಜಾರಿಗೊಳಿಸಲು ಬಿಷಪರೂ ಸರದಾರರೂ ಸೇರಿ ಒಂದು ಸಂಘ ಕಟ್ಟಿದರು. ಈ ಸಂಘ 1797ರಲ್ಲಿ ಥಾಮಸ್ ಪೇನ್‌ನ 'ದಿ ಏಜ್ ಆಫ್ ರೀಸನ್' ಎಂಬ ಕ್ರೈಸ್ತಧರ್ಮ ವಿರೋಧಿ ಪುಸ್ತಕವನ್ನು ಮಾರಿದ ಥಾಮಸ್ ವಿಲಿಯಮ್ಸ್ ಎಂಬ ಬಡ ಪುಸ್ತಕ ವ್ಯಾಪಾರಿಯ ಮೇಲೆ ಮೊಕದ್ದಮೆ ಹೂಡಿತು. ಸಂಘದ ಪರ ವಾದಿಸಿ ಗೆದ್ದವನು ಹೆಸರಾಂತ ವಕೀಲ ಥಾಮಸ್ ಅರ್ಸ್ಕಿನ್. ತೀರ್ಪಿನ ಬಳಿಕ ದಾರಿಯಲ್ಲಿ ವಿಲಿಯಮ್ಸನ ಹೆಂಡತಿ ಅವನನ್ನು ತಡೆದು ತನ್ನ ಮನೆಗೆ ಕರೆದೊಯ್ದಳು. ಒಂದೇ ಕೋಣೆ, ಸಿಡುಬು ಹತ್ತಿದ ಮಕ್ಕಳು. ಕರಗಿಹೋದ ಅರ್ಸ್ಕಿನ್ ದಯೆ ತೋರಿರೆಂದು ಸಂಘವನ್ನು ಬೇಡಿದನು. ಸಂಘ ಒಪ್ಪಲಿಲ್ಲ. ಅರ್ಸ್ಕಿನ್ ಆ ವಕಾಲತ್ತನ್ನೇ ತ್ಯಜಿಸಿದನು. ವಿಲಿಯಮ್ಸನಿಗೆ ಒಂದು ವರ್ಷ ಸೆರೆಯಾಯಿತು. ಒಪ್ಪದವರ ಸಾಲಿನಲ್ಲಿ ವಿಲ್ಬರ್‌ಫೋರ್ಸ್ ಕೂಡ ಇದ್ದನು. ಸಾವಿರಾರು ಮೈಲಿ ಆಚೆಯ ಆಫ್ರಿಕನ್ನರ ಅಳು ಕೇಳಿಸಿಕೊಂಡ ಕಿವಿಗೆ ಲಂಡನ್ನಿನ ಈ ಕೋಣೆಯ ಅಳು ಕೇಳಿಸಲಿಲ್ಲ. ಧರ್ಮರಕ್ಷಣೆಗೆ ಹೊರಟವರಿಗೆ ಇಂಥ ಕಿವುಡು ಬರುವುದು ಅಂದಿಗೆ ಮುಗಿದುಹೋದ ಕಥೆಯೇನಲ್ಲ.

ಇನ್ನು ಮೊದಲನೆಯ ಗುರಿ. ಆಗ ಬ್ರಿಟಿಷ್ ಹಡಗುಗಳು ಪ್ರತಿವರ್ಷ ಹತ್ತಾರು ಸಾವಿರ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸುತ್ತಿದ್ದವು. ಕೆರಿಬಿಯನ್ ದ್ವೀಪಗಳ ಸಕ್ಕರೆ ಇಂಗ್ಲೆಂಡಿನ ಪ್ರತಿ ಚಹಾ ಬಟ್ಟಲಿಗೂ ಬರುತ್ತಿತ್ತು. ಆ ಸಕ್ಕರೆಯ ಹಿಂದಿನ ಕಥೆ ಬಹುಮಂದಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ಬೇಕಾಗಿರಲಿಲ್ಲ. 1781ರಲ್ಲಿ ಜಾಂಗ್ ಎಂಬ ಹಡಗಿನವರು 130ಕ್ಕೂ ಹೆಚ್ಚು ಮಂದಿ ಗುಲಾಮರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. 1783ರಲ್ಲಿ ಆ ವಿಷಯ ನ್ಯಾಯಾಲಯಕ್ಕೆ ಬಂದದ್ದು ಕೊಲೆಯ ಮೊಕದ್ದಮೆಯಾಗಿ ಅಲ್ಲ, ಕಳೆದುಹೋದ ಸರಕಿಗೆ ವಿಮೆಯ ಹಣ ಕೊಡಬೇಕೇ ಎಂಬ ತಕರಾರಾಗಿ.

1787ರ ಮೇ 22ರಂದು ಲಂಡನ್ನಿನ ಅಚ್ಚುಕೂಟವೊಂದರಲ್ಲಿ 12 ಮಂದಿ ಸೇರಿ ಸಮಿತಿಯೊಂದನ್ನು ರಚಿಸಿದರು. ಅವರಲ್ಲಿ 9 ಮಂದಿ ಕ್ವೇಕರರು. ಅವರ ಪಂಥದವರಿಗೆ ಸಂಸತ್ತಿನ ಬಾಗಿಲು ಮುಚ್ಚಿತ್ತು. ಸಭೆಯೊಳಗೆ ಮಾತನಾಡಲು ಅವರಿಗೊಂದು ನಾಲಗೆ ಬೇಕಿತ್ತು. ಆ ನಾಲಗೆ ವಿಲ್ಬರ್‌ಫೋರ್ಸ್ ಆದನು. ಕಾಲುಗಳು ಥಾಮಸ್ ಕ್ಲಾರ್ಕ್‌ಸನ್ನನವು. ಈತ ಕುದುರೆಯೇರಿ ಬಂದರಿನಿಂದ ಬಂದರಿಗೆ ಅಲೆದು, ಹಡಗಿನ ವೈದ್ಯರನ್ನೂ ನಾವಿಕರನ್ನೂ ಕಂಡು, ಕೈಕೋಳ, ಕಾಲುಸಂಕೋಲೆ, ಬಾಯಿ ತೆರೆಸುವ ಕಬ್ಬಿಣದ ಸಾಧನಗಳನ್ನು ಕೊಂಡು ತಂದು ಸಾಕ್ಷ್ಯ ಕೂಡಿಹಾಕಿದನು. ಬ್ರೂಕ್ಸ್ ಎಂಬ ಹಡಗಿನ ತಳದಲ್ಲಿ ನಾನೂರಕ್ಕೂ ಹೆಚ್ಚು ಮನುಷ್ಯರನ್ನು ಒಬ್ಬರ ಪಕ್ಕಕ್ಕೊಬ್ಬರಂತೆ ಜೋಡಿಸಿಟ್ಟ ನಕ್ಷೆ ಅಚ್ಚಾಗಿ ಮನೆಮನೆಗೆ ಹೋಯಿತು. 1789ರಲ್ಲಿ ಒಲಾಡಾ ಎಕ್ವಿಯಾನೊ ತನ್ನ ಆತ್ಮಕಥೆಯನ್ನು ಪ್ರಕಟಿಸಿದಾಗ, ಗುಲಾಮನಾಗಿದ್ದವನೇ ಇಂಗ್ಲೆಂಡಿನ ಓದುಗರೊಡನೆ ನೇರವಾಗಿ ಮಾತನಾಡಿದಂತಾಯಿತು. ಇಷ್ಟೆಲ್ಲ ಜನರ ದುಡಿಮೆಯನ್ನು ಒಬ್ಬ ವಿಲ್ಬರ್‌ಫೋರ್ಸನ ಖಾತೆಗೆ ಜಮಾ ಮಾಡುವ ವಾಡಿಕೆಗೆ ಅವನ ಮಕ್ಕಳೂ ಹೊಣೆ. 1838ರಲ್ಲಿ ಇಬ್ಬರು ಪುತ್ರರು ಬರೆದ ಐದು ಸಂಪುಟಗಳ ಜೀವನಚರಿತ್ರೆಯಲ್ಲಿ ಕ್ಲಾರ್ಕ್‌ಸನ್ನನನ್ನು ಕುಗ್ಗಿಸಿ ತೋರಿಸಿದರು. ಆಮೇಲೆ ಆ ವೃದ್ಧನ ಕ್ಷಮೆ ಕೇಳಬೇಕಾಯಿತು.

1788ರ ವಸಂತದಲ್ಲಿ ಕರುಳಿನ ಬೇನೆ ವಿಲ್ಬರ್‌ಫೋರ್ಸನನ್ನು ಸಾವಿನ ಅಂಚಿಗೆ ಒಯ್ದಿತು. ವೈದ್ಯರು ಅಫೀಮು ಕೊಟ್ಟರು. ಅದನ್ನು ಅಳತೆ ಮೀರದಂತೆ ಬದುಕಿನುದ್ದಕ್ಕೂ ಅವನು ಸೇವಿಸಬೇಕಾಯಿತು. 1789ರ ಮೇ 12ರಂದು ಸಭೆಯಲ್ಲಿ ಎದ್ದುನಿಂತು ಮೂರೂವರೆ ಗಂಟೆ ಕಾಲ ಮಾತನಾಡಿದನು. ಲಿವರ್‌ಪೂಲಿನ ವ್ಯಾಪಾರಿಗಳನ್ನಷ್ಟೇ ದೂರಿದ್ದರೆ ಅದೊಂದು ಸಾಮಾನ್ಯ ಭಾಷಣವಾಗುತ್ತಿತ್ತು. ಈ ಪಾತಕವನ್ನು ನಡೆಯಗೊಟ್ಟ ಸಂಸತ್ತೇ ಅಪರಾಧಿ, ತಾನೂ ಆ ಅಪರಾಧದ ಪಾಲುದಾರ ಎಂಬ ಧಾಟಿಯಲ್ಲಿ ಅವನು ವಾದಿಸಿದನು. ಪಾಪನಿವೇದನೆಯ ಪೀಠಕ್ಕೆ ಬಂದವನ ಮಾತಿನ ಕ್ರಮವಿದು. ವಿಧಾನಮಂಡಲಗಳಲ್ಲಿ ಇದು ಅಪರೂಪ.

ಮುಂದಿನ 18 ವರ್ಷಗಳ ಕಥೆಯೆಂದರೆ ಸೋಲಿನ ಮೇಲೆ ಸೋಲು. 1791ರಲ್ಲಿ ಮಸೂದೆಗೆ ಪರ 88, ವಿರುದ್ಧ 163. 1792ರಲ್ಲಿ ದೇಶದ ಮೂಲೆಮೂಲೆಗಳಿಂದ 519 ಮನವಿಪತ್ರಗಳು ಬಂದವು. ಸುಮಾರು 3 ಲಕ್ಷ ಜನ ಕೆರಿಬಿಯನ್ ಸಕ್ಕರೆಯನ್ನು ತ್ಯಜಿಸಿದ್ದರೆಂದು ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದನು. ಆಗ ಹೆನ್ರಿ ಡಂಡಾಸ್ ಎಂಬ ಚತುರ ಮಂತ್ರಿ ನಿರ್ಣಯಕ್ಕೆ 'ಕ್ರಮೇಣವಾಗಿ' ಎಂಬ ಒಂದೇ ಒಂದು ಪದವನ್ನು ಸೇರಿಸಿದನು. 230ಕ್ಕೆ 85 ಮತಗಳಿಂದ ಅದು ಅಂಗೀಕಾರವೂ ಆಯಿತು. 'ಬೇಡ' ಎನ್ನುವವರಿಗಿಂತ 'ಆಗಲಿ, ನಿಧಾನವಾಗಿ' ಎನ್ನುವವರು ನ್ಯಾಯವನ್ನು ಹೆಚ್ಚು ಕಾಲ ತಡೆಯಬಲ್ಲರು. 1796ರಲ್ಲಿ ಅಂತಿಮ ವಾಚನದಲ್ಲಿ 74ಕ್ಕೆ 70, ನಾಲ್ಕೇ ಮತಗಳ ಸೋಲು. ಅವನ ಕಡೆಯ ಕೆಲವು ಸದಸ್ಯರು ಆ ಸಂಜೆ ಹೊಸ ಸಂಗೀತನಾಟಕ ನೋಡಲು ಹೋಗಿದ್ದರು. ಎದುರಾಳಿಗಳೇ ಟಿಕೆಟು ಹಂಚಿದ್ದರೆಂಬ ಮಾತೂ ಇತ್ತು.

ಕಾಲವೂ ಅವನಿಗೆ ವಿರೋಧವಾಗಿತ್ತು. ಫ್ರಾನ್ಸಿನಲ್ಲಿ ಕ್ರಾಂತಿ, 1791ರಲ್ಲಿ ಸ್ಯಾನ್ ಡೊಮಿಂಗೊ ದ್ವೀಪದಲ್ಲಿ ಗುಲಾಮರ ಮಹಾದಂಗೆ, ಇಂದಿನ ಹೈಟಿಯ ಹುಟ್ಟು ಅದರಿಂದಲೇ. ಗುಲಾಮರ ಪರ ಮಾತನಾಡುವವರೆಲ್ಲ ಕ್ರಾಂತಿಕಾರರೆಂಬ ಗುಮಾನಿ ಹಬ್ಬಿತು. 1792ರಲ್ಲಿ ಫ್ರೆಂಚರು ವಿಲ್ಬರ್‌ಫೋರ್ಸನಿಗೆ ಗೌರವ ಪೌರತ್ವ ಕೊಟ್ಟದ್ದು ದೊರೆಗೆ ನಿಷ್ಠನಾದ ಆ ಮನುಷ್ಯನಿಗೆ ಬಿಸಿತುಪ್ಪವಾಯಿತು. 1797ರಲ್ಲಿ ಬಾರ್ಬರಾ ಸ್ಪೂನರ್‌ಳನ್ನು ಮದುವೆಯಾದನು, ಆರು ಮಕ್ಕಳಾದವು. ಅದೇ ವರ್ಷ ಮೇಲ್ವರ್ಗದವರ ಹೆಸರಿಗಷ್ಟೇ ಕ್ರೈಸ್ತತನವನ್ನು ಖಂಡಿಸಿ ಬರೆದ ಪುಸ್ತಕ ಆರು ತಿಂಗಳಲ್ಲಿ 7,500 ಪ್ರತಿ ಮಾರಾಟವಾಯಿತು. ಲಂಡನ್ನಿನ ಹೊರಗೆ ಕ್ಲ್ಯಾಪಮ್ ಎಂಬಲ್ಲಿ ಹೆನ್ರಿ ಥಾರ್ನ್‌ಟನ್, ಝಕಾರಿ ಮೆಕಾಲೆ, ಚಾರ್ಲ್ಸ್ ಗ್ರ್ಯಾಂಟ್, ಜೇಮ್ಸ್ ಸ್ಟೀಫನ್ ಮೊದಲಾದ ಸ್ನೇಹಿತರು ನೆರೆಹೊರೆಯಾಗಿ ಬಾಳಿ, ಪ್ರಾರ್ಥನೆಯನ್ನೂ ರಾಜಕೀಯವನ್ನೂ ಒಂದೇ ಮೇಜಿನ ಸುತ್ತ ನಡೆಸಿದರು.

ಅಂತಿಮವಾಗಿ ಕೈಹಿಡಿದದ್ದು ವಕೀಲ ಸ್ಟೀಫನ್ನನ ಜಾಣತನ. 1806ರಲ್ಲಿ, ಯುದ್ಧಕಾಲದ ಹಿತದೃಷ್ಟಿ ಎಂಬ ನೆವದಲ್ಲಿ, ವಿದೇಶಿ ವಸಾಹತುಗಳಿಗೆ ಗುಲಾಮರನ್ನು ಒದಗಿಸುವುದನ್ನು ನಿಷೇಧಿಸುವ ಮಸೂದೆ ಸದ್ದಿಲ್ಲದೆ ಸಾಗಿತು. ವ್ಯಾಪಾರದ ಬಹುಪಾಲು ಅಲ್ಲಿಯೇ ಮುರಿದುಬಿತ್ತು. 1807ರ ಫೆಬ್ರವರಿ 23ರ ರಾತ್ರಿ ಪೂರ್ಣ ನಿಷೇಧದ ಮಸೂದೆಗೆ 283 ಮತ ಪರವಾಗಿ, 16 ವಿರುದ್ಧವಾಗಿ ಬಿದ್ದವು. ಸಭೆ ಎದ್ದುನಿಂತು ಜಯಘೋಷ ಮಾಡಿತು. ವಿಲ್ಬರ್‌ಫೋರ್ಸ್ ತಲೆ ತಗ್ಗಿಸಿ ಕಣ್ಣೀರು ಸುರಿಸಿದನು. ಮಾರ್ಚ್ 25ರಂದು ದೊರೆಯ ಅಂಕಿತ ಬಿತ್ತು. ಮತದಾನದ ಆ ರಾತ್ರಿ ಮನೆಗೆ ಬಂದವನು ಥಾರ್ನ್‌ಟನ್ನನನ್ನು ಕೇಳಿದನಂತೆ, ಮುಂದೆ ಯಾವುದನ್ನು ನಿಲ್ಲಿಸೋಣ ಎಂದು. ಲಾಟರಿಯನ್ನು ಎಂದನಂತೆ ಆ ಗೆಳೆಯ. ಕೇಳಿದವರಿಗೆ ನಗು ಬರಬಹುದು. ಆದರೆ ಬಡವನ ಗಂಟನ್ನು ಸರಕಾರವೇ ಆಸೆ ತೋರಿಸಿ ಕೀಳುವುದು ಅವರಿಗೆ ಚಿಲ್ಲರೆ ವಿಷಯವಾಗಿ ಕಾಣಲಿಲ್ಲ. ಬ್ರಿಟನ್ನಿನ ಆ ಸರಕಾರಿ ಲಾಟರಿ 1826ರಲ್ಲಿ ನಿಂತಿತು. ನಮ್ಮ ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ಅದಕ್ಕೆ ಮುಂಚೆ ಲಾಟರಿಯಿಂದ ಹಾಳಾದ ಕುಟುಂಬಗಳನ್ನು ನಮ್ಮ ಧರ್ಮಕೇಂದ್ರಗಳ ಗುರುಗಳೆಲ್ಲ ಬಲ್ಲರು.

ಸಕ್ಕರೆಯ ಲಾಭ ಕುಸಿಯುತ್ತಿದ್ದುದರಿಂದಲೇ ಬ್ರಿಟನ್ ಈ ವ್ಯಾಪಾರವನ್ನು ಕೈಬಿಟ್ಟಿತು ಎಂದು ಟ್ರಿನಿಡಾಡಿನ ಇತಿಹಾಸಕಾರ ಎರಿಕ್ ವಿಲಿಯಮ್ಸ್ 1944ರಲ್ಲಿ ವಾದಿಸಿದನು. ಲಾಭವಿನ್ನೂ ಇದ್ದಾಗಲೇ ಕೈಬಿಟ್ಟಿತು ಎಂದು ಅಂಕಿಅಂಶಗಳೊಡನೆ ಅನಂತರದವರು ಉತ್ತರ ಕೊಟ್ಟರು. ನನಗೆ ಎರಡನೆಯ ವಾದವೇ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ಆದರೆ ಮೊದಲನೆಯದು ಕ್ರೈಸ್ತರ ಆತ್ಮಪ್ರಶಂಸೆಗೆ ಹಾಕಿದ ಲಗಾಮೆಂಬ ಕಾರಣಕ್ಕೆ ಅದನ್ನೂ ಓದಬೇಕು.

ಈಗ ನೋವಿನ ಅಧ್ಯಾಯಕ್ಕೆ ಬರುತ್ತೇನೆ. ಇದೇ ವಿಲ್ಬರ್‌ಫೋರ್ಸ್ 1799ರಲ್ಲಿ ಕೂಲಿಕಾರರು ಸಂಬಳಕ್ಕಾಗಿ ಒಂದುಗೂಡುವುದನ್ನು ತಡೆಯುವ ಸಾರ್ವತ್ರಿಕ ಕಾನೂನು ಬೇಕೆಂದು ಸಭೆಯಲ್ಲಿ ಸೂಚಿಸಿದನು. ಆ ಕಾನೂನು ಬಂತು, 1824ರವರೆಗೂ ಉಳಿಯಿತು. 1817ರಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಎಡೆಗೊಡುವ ಕ್ರಮಕ್ಕೆ ಬೆಂಬಲ ಕೊಟ್ಟನು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ಹೆಂಡತಿ ಮಕ್ಕಳೊಡನೆ ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಗಾಯಗೊಂಡರು. ಆಮೇಲೆ ಸಭೆ ಮತ್ತು ಪತ್ರಿಕೆಗಳನ್ನು ಹತ್ತಿಕ್ಕಲು ತಂದ ಆರು ಕಾನೂನುಗಳ ಪರವಾಗಿ ವಿಲ್ಬರ್‌ಫೋರ್ಸ್ ನಿಂತನು. ಕರಿಯರಿಗಾಗಿ ಅಳುವ ಈತ ಇಂಗ್ಲೆಂಡಿನ ಬಿಳಿಯ ಕೂಲಿಕಾರನ ಪಾಲಿಗೆ ಕಲ್ಲು ಎಂದು ವಿಲಿಯಂ ಕಾಬೆಟ್‌ನಂಥ ಪತ್ರಕರ್ತರು ಉಗಿದರು. ಕಾಬೆಟ್ ಆಫ್ರಿಕನ್ನರ ಬಗ್ಗೆ ತಾನೇ ಹೀನಾಯವಾಗಿ ಬರೆದವನು. ಆದರೂ ಅವನ ಈ ದೂರು ಸುಳ್ಳಲ್ಲ.

ಹಾಗಾದರೆ ವಿಲ್ಬರ್‌ಫೋರ್ಸ್ ಕಪಟಿಯೇ? ಕಪಟಿಗಳು ತಮ್ಮ ವರಮಾನದ ಕಾಲುಭಾಗಕ್ಕೂ ಹೆಚ್ಚನ್ನು ದಾನ ಮಾಡುವುದಿಲ್ಲ. ಸೆರೆಮನೆಗಳ ಸುಧಾರಣೆ, ಹೊಗೆಕೊಳವೆ ಗುಡಿಸುವ ಎಳೆಯ ಹುಡುಗರ ರಕ್ಷಣೆ, ಪ್ರಾಣಿಗಳ ಮೇಲಿನ ಕ್ರೌರ್ಯಕ್ಕೆ ತಡೆ, ಹೀಗೆ ಹತ್ತಾರು ಕೆಲಸಗಳಲ್ಲಿ ಅವನ ಹೆಗಲಿತ್ತು. ಆದರೆ ಅವನ ದೇವಶಾಸ್ತ್ರದಲ್ಲಿ ಒಂದು ಗಂಟು ಇತ್ತು. ಮೇಲು ಕೀಳೆಂಬ ಸಾಮಾಜಿಕ ಶ್ರೇಣಿ ದೈವಸಂಕಲ್ಪ. ಬಡವನು ತನ್ನ ಪಾಲಿನದನ್ನು ತಾಳ್ಮೆಯಿಂದ ಹೊರಬೇಕು, ಸಿರಿವಂತನು ಕರುಣೆಯಿಂದ ಕೊಡಬೇಕು. ಗುಲಾಮನನ್ನು ಮಾರುವುದು ಆ ಶ್ರೇಣಿಯ ಆಚೆಗಿನ ಪಾತಕ, ಏಕೆಂದರೆ ಅದು ಮನುಷ್ಯನನ್ನೇ ವಸ್ತುವಾಗಿಸುತ್ತದೆ. ಹಸಿದ ನೇಕಾರನದು ಶ್ರೇಣಿಯ ಒಳಗಿನ ದುಃಖ; ಅದಕ್ಕೆ ದಾನವೇ ಮದ್ದು, ಹಕ್ಕಲ್ಲ. ದಾನ ಕೊಡುವವನ ಕೈ ಮೇಲಿರುತ್ತದೆ, ಹಕ್ಕು ಕೇಳುವವನ ಕಣ್ಣು ನೇರವಾಗಿರುತ್ತದೆ. ಆ ನೇರ ನೋಟವನ್ನು ತಾಳಿಕೊಳ್ಳುವ ಶಕ್ತಿ ಆ ಸಜ್ಜನನಿಗೆ ಇರಲಿಲ್ಲ. ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ಸಹಜ ಹಕ್ಕೆಂದು ಜಗದ್ಗುರು 13ನೆಯ ಲಿಯೋ ಸಾರಿದ್ದು 1891ರಲ್ಲಿ. ಹೀಗಾಗಿ ನಾವೂ ತೀರ ಬೇಗ ಎಚ್ಚರಗೊಂಡೆವೆಂದು ಹೇಳಿಕೊಳ್ಳುವಂತಿಲ್ಲ.

ನಮ್ಮ ಧರ್ಮಸಭೆಯ ವಿಷಯದಲ್ಲಿ ಅವನ ನಿಲುವು ಬದಲಾದದ್ದು ಕುತೂಹಲಕರ. ಕಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆಯುವುದನ್ನು ಮೊದಲು ವಿರೋಧಿಸಿದವನು 1813ರ ಹೊತ್ತಿಗೆ ಅವರ ಪರ ವಾಲಿದನು. ಆ ಬಾಗಿಲು ತೆರೆದದ್ದು 1829ರಲ್ಲಿ. ಅವನ ನಾಲ್ವರು ಗಂಡುಮಕ್ಕಳಲ್ಲಿ ಮೂವರು ಮುಂದೆ ಕಥೋಲಿಕರಾದರು. ರಾಬರ್ಟ್ ಗುರುದೀಕ್ಷೆಗೆ ಸಿದ್ಧನಾಗುತ್ತಿರುವಾಗಲೇ 1857ರಲ್ಲಿ ರೋಮಿನ ಬಳಿಯ ಅಲ್ಬಾನೋದಲ್ಲಿ ತೀರಿಕೊಂಡನು. ನಾಲ್ಕನೆಯವನಾದ ಸ್ಯಾಮ್ಯುವೆಲ್ ಆಂಗ್ಲಿಕನ್ ಬಿಷಪನಾಗಿಯೇ ಉಳಿದು, ಡಾರ್ವಿನ್ನನ ವಿಕಾಸವಾದದ ಕುರಿತು 1860ರಲ್ಲಿ ಹಕ್ಸ್‌ಲಿಯೊಡನೆ ನಡೆಸಿದ ವಾಗ್ವಾದದಿಂದ ಹೆಸರಾದನು. ತಂದೆ ಇದನ್ನೆಲ್ಲ ಕಾಣಲಿಲ್ಲ.

1813ಕ್ಕೆ ಇನ್ನೊಂದು ಮಹತ್ವವಿದೆ, ಅದು ನಮ್ಮ ನೆಲಕ್ಕೆ ಸಂಬಂಧಿಸಿದ್ದು. ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣಕ್ಕೆ ಬಂದಾಗ, ಧರ್ಮಪ್ರಚಾರಕರನ್ನೂ ಉಪಾಧ್ಯಾಯರನ್ನೂ ಭಾರತಕ್ಕೆ ಬಿಡಬೇಕೆಂಬ ಕಲಮನ್ನು ಸೇರಿಸಲು ಅವನು ಹೋರಾಡಿದನು. 1793ರಲ್ಲಿ ಇದೇ ಯತ್ನದಲ್ಲಿ ಸೋತಿದ್ದನು. ಈ ಸಲ ದೇಶದಾದ್ಯಂತ 837 ಮನವಿಪತ್ರಗಳು ಬಂದವು. ಜೂನ್ 22ರ ರಾತ್ರಿ 36ರ ಎದುರು 89 ಮತಗಳಿಂದ ಕಲಮು ಅಂಗೀಕೃತವಾಯಿತು. ಕಲ್ಕತ್ತೆಗೆ ಆಂಗ್ಲಿಕನ್ ಬಿಷಪರ ಪೀಠ, ಭಾರತೀಯರ ವಿದ್ಯಾಭ್ಯಾಸಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ, ಇವೂ ಆ ಸನ್ನದಿನಲ್ಲಿದ್ದವು. 1833ರ ಸನ್ನದು ಬಾಗಿಲನ್ನು ಇನ್ನಷ್ಟು ಅಗಲಿಸಿತು. ಮರು ವರ್ಷ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಅಚ್ಚುಕೂಟ, ಹೆಂಚಿನ ಕಾರ್ಖಾನೆ, ಕಿಟ್ಟೆಲರ ನಿಘಂಟುಗಳ ಕಥೆ ಕನ್ನಡಿಗರಿಗೆ ಹೊಸದಲ್ಲ. ಕರಾವಳಿಯ ಕಥೋಲಿಕರ ವಿಶ್ವಾಸವಾದರೋ ಈ ಕಲಮಿಗೆ ಕಾದು ಕುಳಿತದ್ದಲ್ಲ. ಅದು ಗೋವೆಯ ಕಡೆಯಿಂದ ಎರಡು ಶತಮಾನಗಳಿಗೂ ಹಿಂದೆಯೇ ಬಂದಿತ್ತು.

ಆ ರಾತ್ರಿಯ ಅವನ ಭಾಷಣವನ್ನು ಭಾರತೀಯನಾದ ನಾನು ಸಂಕೋಚವಿಲ್ಲದೆ ಓದಲಾರೆ. ಭಾರತವನ್ನು ಎಂದೂ ಕಾಣದವನು, ಚಾರ್ಲ್ಸ್ ಗ್ರ್ಯಾಂಟ್ ಹಾಗೂ ಸಿರಾಂಪುರದ ಮಿಷನರಿಗಳ ವರದಿಗಳನ್ನು ನೆಚ್ಚಿ, ಹಿಂದೂಗಳ ಆರಾಧನೆಯನ್ನೂ ನಡತೆಯನ್ನೂ ಒಟ್ಟಾರೆಯಾಗಿ ಕತ್ತಲೆಯೆಂದು ಚಿತ್ರಿಸಿದನು. ಸತಿ ಪದ್ಧತಿಯ ಬಗೆಗಿನ ಅವನ ಆಕ್ರೋಶ ನ್ಯಾಯವಾದದ್ದೇ. ಆದರೆ ಅದೇ ಕಾಲದಲ್ಲಿ ತಮ್ಮದೇ ಶಾಸ್ತ್ರಗಳನ್ನು ತೆರೆದು ಸತಿಯನ್ನು ಪ್ರಶ್ನಿಸಬಲ್ಲ ರಾಮಮೋಹನ ರಾಯರಂಥವರು ಈ ನೆಲದಲ್ಲಿದ್ದಾರೆಂಬುದು ಅವನ ಚಿತ್ರದೊಳಗೆ ಇರಲಿಲ್ಲ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ತಿರಸ್ಕರಿಸುವುದಿಲ್ಲವೆಂದು ಘೋಷಿಸಿದ ಬಳಿಕ ನಮ್ಮ ಪ್ರಬೋಧನಾ ಪೀಠಗಳಿಂದ ಅಂಥ ಮಾತು ಹೊರಡಬಾರದು.

ವ್ಯಾಪಾರ ನಿಂತಿತು, ಗುಲಾಮಗಿರಿ ನಿಲ್ಲಲಿಲ್ಲ. 1823ರಲ್ಲಿ ಗುಲಾಮಗಿರಿ ವಿರೋಧಿ ಸಂಘ ಹುಟ್ಟಿದಾಗ ದಣಿದಿದ್ದ ವಿಲ್ಬರ್‌ಫೋರ್ಸ್ ನಾಯಕತ್ವವನ್ನು ಥಾಮಸ್ ಫಾವೆಲ್ ಬಕ್ಸ್‌ಟನ್ನನಿಗೆ ಒಪ್ಪಿಸಿದನು. 1825ರಲ್ಲಿ ಸಂಸತ್ತನ್ನು ಬಿಟ್ಟನು. ಗಂಡಸರೆಲ್ಲ ಹಂತಹಂತವಾಗಿ ಎನ್ನುತ್ತಿರಲು, 1824ರಲ್ಲಿ ಲೆಸ್ಟರಿನ ಎಲಿಜಬೆತ್ ಹೇರಿಕ್ ಎಂಬ ಕ್ವೇಕರ್ ವಿಧವೆ, ಈಗಲೇ, ಪೂರ್ತಿಯಾಗಿ ಎಂದು ಕಿರುಹೊತ್ತಗೆ ಬರೆದಳು. ಮಹಿಳಾ ಸಂಘಗಳು ಮನೆಮನೆಗೆ ಹೋಗಿ ಜನರನ್ನು ಎಬ್ಬಿಸಿದವು. ಸ್ತ್ರೀಯರು ಹೀಗೆ ಬೀದಿಗಿಳಿಯುವುದು ಪವಿತ್ರ ಗ್ರಂಥಕ್ಕೆ ಒಪ್ಪುವುದಿಲ್ಲವೆಂದು ವಿಲ್ಬರ್‌ಫೋರ್ಸ್ ಗೊಣಗಿದನು. ಯೇಸುವಿನ ಪುನರುತ್ಥಾನದ ಸುದ್ದಿ ಹೊತ್ತು ಮೊದಲು ಓಡಿದವರು ಯಾರೆಂಬುದು ಅವನ ನೆನಪಿಗೆ ಬರಲಿಲ್ಲವೇನೋ. 1831ರ ಕ್ರಿಸ್ಮಸ್ ಸಮಯದಲ್ಲಿ ಜಮೈಕಾದ ಗುಲಾಮರೇ ಬಂಡೆದ್ದರು. ಅವರ ಮುಂದಾಳು ಸ್ಯಾಮ್ ಶಾರ್ಪ್, ಬ್ಯಾಪ್ಟಿಸ್ಟ್ ಸಭೆಯ ಸೇವಕ, ಬೈಬಲ್ ಓದಿ ಸ್ವಾತಂತ್ರ್ಯವನ್ನು ಕಲಿತವನು. 1832ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಇನ್ನು ತಡಮಾಡಲಾಗದೆಂದು ಲಂಡನ್ನಿಗೆ ಅರಿವಾಯಿತು.

ಆ ಹೊತ್ತಿಗೆ ಹಿರಿಯ ಮಗನ ಹಾಲಿನ ವ್ಯವಹಾರ ಮುಳುಗಿ, ವಿಲ್ಬರ್‌ಫೋರ್ಸ್ ಸ್ವಂತ ಮನೆಯನ್ನು ಬಿಟ್ಟು ಮಕ್ಕಳ ಮನೆಗಳಲ್ಲಿ ಸರದಿಯಂತೆ ಇರಬೇಕಾಗಿತ್ತು. 1833ರ ಜುಲೈ 26ರಂದು ವಿಮೋಚನೆಯ ಮಸೂದೆ ಕಾಮನ್ಸ್ ಸಭೆಯನ್ನು ದಾಟುವುದು ಖಚಿತವೆಂಬ ಸುದ್ದಿ ತಲುಪಿತು. ಮೂರು ದಿನಗಳ ಬಳಿಕ, 29ರ ನಸುಕಿನಲ್ಲಿ ಅವನು ತೀರಿಕೊಂಡನು. ಸಂಸದರ ಮನವಿಯಂತೆ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ, ಪಿಟ್‌ನ ಸಮಾಧಿಯ ಹತ್ತಿರ, ಅವನನ್ನು ಮಣ್ಣು ಮಾಡಿದರು. ಎರಡು ತಿಂಗಳ ಬಳಿಕ ಸೆಪ್ಟೆಂಬರ್ 27ರಂದು ರಾಮಮೋಹನ ರಾಯರು ಬ್ರಿಸ್ಟಲಿನಲ್ಲಿ ಕಣ್ಣುಮುಚ್ಚಿದರು.

1834ರ ಆಗಸ್ಟ್ 1ರಂದು ಕಾನೂನು ಜಾರಿಗೆ ಬಂದಾಗ ಬಿಡುಗಡೆಗೊಂಡವರು ಸುಮಾರು 8 ಲಕ್ಷ. ಅವರಲ್ಲಿ ಬಹುಪಾಲಿನವರು 1838ರವರೆಗೆ 'ಉಮೇದುವಾರಿ'ಯ ಹೆಸರಿನಲ್ಲಿ ಹಳೆಯ ಒಡೆಯರಿಗೇ ದುಡಿಯಬೇಕಾಯಿತು. ಪರಿಹಾರವಾಗಿ ಸರಕಾರ ಕೊಟ್ಟದ್ದು 2 ಕೋಟಿ ಪೌಂಡು, ಗುಲಾಮರಿಗಲ್ಲ, ಒಡೆಯರಿಗೆ. ಆಂಗ್ಲಿಕನ್ ಧರ್ಮಪ್ರಚಾರ ಸಂಘವೊಂದಕ್ಕೆ ಬಾರ್ಬಡೋಸಿನ ಕಾಡ್ರಿಂಗ್ಟನ್ ತೋಟದ ಲೆಕ್ಕದಲ್ಲಿ 8,823 ಪೌಂಡು ಸಂದಿತು. ಅದನ್ನು ಎತ್ತಿ ಆಡುವ ಹಕ್ಕು ನಮಗೂ ಇಲ್ಲ. 1838ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಜೆಸ್ವಿತ್ ಗುರುಗಳು ತಮ್ಮ ಒಡೆತನದ 272 ಮಂದಿಯನ್ನು ಮಾರಿದರು. ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸುವುದಕ್ಕೂ ಆ ಹಣ ಬಳಕೆಯಾಯಿತು. ಜಗದ್ಗುರು 16ನೆಯ ಗ್ರೆಗೋರಿ ಗುಲಾಮರ ವ್ಯಾಪಾರವನ್ನು ಕಟುವಾಗಿ ಖಂಡಿಸಿ ಪತ್ರ ಹೊರಡಿಸಿದ್ದು 1839ರಲ್ಲಿ, ವಿಲ್ಬರ್‌ಫೋರ್ಸನ ಕಾನೂನಿಗೆ 32 ವರ್ಷ ತುಂಬಿದ ಮೇಲೆ.

1833ರ ವಿಮೋಚನಾ ಕಾನೂನಿನಲ್ಲಿ ಒಂದು ಪುಟ್ಟ ಕಲಮಿತ್ತು: ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಇದು ಅನ್ವಯಿಸದು. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, ಗದ್ದೆಗಳಲ್ಲಿ ದುಡಿಯುವ ಗುಲಾಮರನ್ನು ಕಂಡು ಬರೆದ ಗ್ರಂಥ ಲಂಡನ್ನಿನಲ್ಲಿ ಪ್ರಕಟವಾದದ್ದು 1807ರಲ್ಲಿ, ಗುಲಾಮರ ವ್ಯಾಪಾರ ನಿಷೇಧವಾದ ಅದೇ ವರ್ಷ. ಅದನ್ನು ಓದಿದವರು ಅಲ್ಲಿ ಇದ್ದರು. ಆದರೆ ಭೂಮಿಯೊಡನೆಯೇ ಕೈಬದಲಾಗುತ್ತಿದ್ದ ಕರಾವಳಿಯ ಮೂಲದಾಳುಗಳ ಹೆಸರಿನಲ್ಲಿ ಯಾವ ಇಂಗ್ಲಿಷ್ ಊರಿನಿಂದಲೂ ಸಕ್ಕರೆ ತ್ಯಜಿಸುವ ಕರೆ ಹೊರಡಲಿಲ್ಲ. ಕಂಪನಿಯ ಸರಕಾರ ಐದನೆಯ ಕಾಯಿದೆಯನ್ನು ಹೊರಡಿಸಿದ್ದು 1843ರಲ್ಲಿ, ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಟ ವರ್ಷ. ಆ ಕಾಯಿದೆ ಗುಲಾಮರನ್ನು ಇಟ್ಟುಕೊಳ್ಳುವುದನ್ನು ಅಪರಾಧವೆನ್ನಲಿಲ್ಲ. ಗುಲಾಮನ ಮೇಲೆ ಒಡೆಯನಿಗಿರುವ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯವು ಎಂದಷ್ಟೇ ಹೇಳಿತು. ಅಪರಾಧವೆಂದು ಬರೆದದ್ದು 1860ರ ದಂಡಸಂಹಿತೆ. ಸಾಲದ ಹೆಸರಿನಲ್ಲಿ ಮುಂದುವರಿದ ಜೀತವನ್ನು ರದ್ದುಪಡಿಸುವ ಕಾನೂನಿಗೆ ಭಾರತದ ಸಂಸತ್ತು ಒಪ್ಪಿಗೆ ಕೊಟ್ಟದ್ದು 1976ರಲ್ಲಿ.